ಒಲೆಗಿಂತ ಮೊದಲು ಕೋಸಂಬರಿ: ಮಕ್ಕಳಿಗೆ ಅಡುಗೆ ಕಲಿಸುವ ಕ್ರಮ

ನಮ್ಮ ಮನೆಗಳಲ್ಲಿ ಮಕ್ಕಳು ಮೊದಲು ಕಲಿಯುವ ಅಡುಗೆ ಟೀ, ಇಲ್ಲವೇ ನೂಡಲ್ಸ್. ಸುಲಭ, ಐದು ನಿಮಿಷದ ಕೆಲಸ ಎಂಬ ಲೆಕ್ಕ. ಆದರೆ ಎರಡರಲ್ಲೂ ಮಗುವಿನ ಕೈಗೆ ಸಿಗುವುದು ಕುದಿಯುವ ನೀರು, ಹಿಡಿಯಿಲ್ಲದ ಪಾತ್ರೆ, ಜಾರುವ ಇಕ್ಕಳ. ಚಿಕ್ಕ ಮಕ್ಕಳು ಸುಟ್ಟುಕೊಳ್ಳುವುದು ಬೆಂಕಿಗಿಂತ ಹೆಚ್ಚಾಗಿ ಬಿಸಿ ನೀರು, ಹಾಲು, ಸಾರು ಮೈಮೇಲೆ ಬಿದ್ದು. ಅಂದರೆ ಸುಲಭ ಎಂದುಕೊಂಡು ನಾವು ಕೊಡುವ ಮೊದಲ ಕೆಲಸವೇ ಎಲ್ಲಕ್ಕಿಂತ ಅಪಾಯದ್ದು.

ಕ್ರಮ ಹೀಗಿರಲಿ: ಮೊದಲು ಕೈ, ಆಮೇಲೆ ಚಾಕು, ಆಮೇಲೆ ಒಲೆ, ಕಟ್ಟಕಡೆಗೆ ಒಗ್ಗರಣೆ. ನಾಲ್ಕೈದು ವರ್ಷಕ್ಕೆ ಕೈಕೆಲಸ, ಆರೇಳಕ್ಕೆ ಚಾಕು, ಎಂಟೊಂಬತ್ತಕ್ಕೆ ಪಕ್ಕದಲ್ಲಿ ದೊಡ್ಡವರಿದ್ದಾಗ ಒಲೆ, ಹತ್ತು ದಾಟಿದ ಮೇಲೆ ಒಗ್ಗರಣೆ. ವಯಸ್ಸು ಇಲ್ಲಿ ಅಂದಾಜು ಮಾತ್ರ. "ನಿಲ್ಲಿಸು" ಅಂದ ಕೂಡಲೇ ಮಗು ಕೈ ನಿಲ್ಲಿಸುತ್ತದೆಯೇ ಎಂಬುದು ನಿಜವಾದ ಪರೀಕ್ಷೆ. ಆಟದಲ್ಲಿ, ಬಣ್ಣ ಹಚ್ಚುವಾಗ ಇದನ್ನು ಗಮನಿಸಿ. ನಿಲ್ಲಿಸದ ಮಗುವಿಗೆ ಒಂಬತ್ತು ವರ್ಷವಾಗಿದ್ದರೂ ಒಲೆ ಬೇಡ. ಮತ್ತೆ, ಗಂಡುಮಗು ಹೆಣ್ಣುಮಗು ಎಂಬ ಭೇದ ಇದರಲ್ಲಿಲ್ಲ. ಇಬ್ಬರೂ ಊಟ ಮಾಡುತ್ತಾರೆ, ಇಬ್ಬರೂ ಕಲಿಯಲಿ.

ಶುರು ಮಾಡುವ ಮೊದಲು

ಅಡುಗೆಕಟ್ಟೆ ಮಗುವಿನ ಮೊಣಕೈಗಿಂತ ಕೆಳಗಿರಬೇಕು. ಎತ್ತರವಾದರೆ ತೋಳು ಮೇಲೆತ್ತಿ ಕೆಲಸ ಮಾಡಬೇಕಾಗುತ್ತದೆ, ಆಗ ಕೈಯಲ್ಲಿ ಹಿಡಿತ ಇರುವುದಿಲ್ಲ. ಪ್ಲಾಸ್ಟಿಕ್ ಸ್ಟೂಲು ಹಾಕಬೇಡಿ, ನೀರು ಬಿದ್ದರೆ ಜಾರುತ್ತದೆ. ಅಗಲ ಕಾಲಿನ, ಅಲ್ಲಾಡದ ಮರದ ಸ್ಟೂಲು ಇದ್ದರೆ ಸರಿ. ಇಲ್ಲದಿದ್ದರೆ ನೆಲದ ಮೇಲೆ ಒಂದು ಚಾಪೆ, ಎದುರಿಗೆ ಒಂದು ಮಣೆ ಸಾಕು. ಸೊಪ್ಪು ಬಿಡಿಸುವುದು, ಕಲಸುವುದು, ಲಟ್ಟಿಸುವುದು ಎಲ್ಲಕ್ಕೂ ನೆಲವೇ ಉತ್ತಮ: ಮಗು ಬೀಳುವುದಿಲ್ಲ, ಪಾತ್ರೆಯೂ ಬೀಳುವುದಿಲ್ಲ.

ಅಳತೆಗೆ ಮನೆಯಲ್ಲಿ ಒಂದೇ ಲೋಟ ಗೊತ್ತು ಮಾಡಿ. ಸುಮಾರು 200 ಮಿ.ಲೀ. ಹಿಡಿಯುವ ಸ್ಟೀಲ್ ಲೋಟವಾದರೆ ಈ ಬರಹದ ಅಳತೆಗಳಿಗೆ ಹೊಂದುತ್ತದೆ. ಜೊತೆಗೆ 5 ಮಿ.ಲೀ.ಯ ಒಂದು ಟೀ ಚಮಚ, 15 ಮಿ.ಲೀ.ಯ ಒಂದು ದೊಡ್ಡ ಚಮಚ. ಅಜ್ಜಿಯ ಕಣ್ಣಳತೆಯನ್ನು ಮಗುವಿಗೆ ಹೇಳಿಕೊಡಲು ಆಗುವುದಿಲ್ಲ. "ಒಂದು ಚಿಟಿಕೆ ಉಪ್ಪು" ಅಂದರೆ ಆರು ವರ್ಷದ ಬೆರಳಿಗೆ ಬರುವುದೇ ಬೇರೆ, ಅಮ್ಮನ ಬೆರಳಿಗೆ ಬರುವುದೇ ಬೇರೆ. ಒಂದಷ್ಟು ಕಾಲ ಲೋಟ, ಚಮಚದಲ್ಲಿ ಅಳೆದ ಮೇಲೆ ಕಣ್ಣಿಗೆ ಅಳತೆ ತಾನಾಗಿ ಕೂರುತ್ತದೆ.

ಕೈಯನ್ನು ಸೋಪು ಹಾಕಿ 20 ಸೆಕೆಂಡು ಉಜ್ಜಿ ತೊಳೆಸಿ, ಉದ್ದ ಕೂದಲು ಕಟ್ಟಿ. ನೈಲಾನ್ ಫ್ರಾಕು, ಜೋತಾಡುವ ತೋಳು, ದುಪಟ್ಟ ಬೇಡ. ಸಿಂಥೆಟಿಕ್ ಬಟ್ಟೆ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಹತ್ತಿಯೇ ಇರಲಿ. ರುಚಿ ನೋಡಲು ಬೇರೆ ಚಮಚ ಇಡಿ. ಕಲಸುವ ಸೌಟನ್ನೇ ನೆಕ್ಕಿ ಮತ್ತೆ ಅದ್ದುವುದು ಮಕ್ಕಳಿಗೆ ಸಹಜ, ಮೊದಲ ದಿನವೇ ತಪ್ಪಿಸಿ.

ಕೈಕೆಲಸ: ನಾಲ್ಕರಿಂದ ಆರು ವರ್ಷ

ಕೊತ್ತಂಬರಿ, ಮೆಂತ್ಯ ಸೊಪ್ಪು ಬಿಡಿಸುವುದು, ಬಟಾಣಿ ಸುಲಿಯುವುದು, ಚಳಿಗಾಲದಲ್ಲಿ ನೆನೆಸಿದ ಅವರೆಕಾಳು ಹಿಸುಕುವುದು. ಅವರೆಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಚಿಮ್ಮಿ ಹೊರಬರುತ್ತದೆ. ಮಕ್ಕಳು ಬಿಡದೆ ಕೂತು ಮಾಡುತ್ತಾರೆ. ಆದರೆ ಇವೆಲ್ಲ ಸಹಾಯ ಮಾತ್ರ. "ಇದನ್ನು ನಾನೇ ಮಾಡಿದೆ" ಎಂದು ಮಗು ಹೇಳಿಕೊಳ್ಳಬೇಕಾದರೆ ಒಂದು ಇಡೀ ತಿನಿಸು ಅದರ ಪಾಲಿಗೆ ಬರಬೇಕು. ಅದಕ್ಕೆ ಹೆಸರುಬೇಳೆ ಕೋಸಂಬರಿಗಿಂತ ಒಳ್ಳೆಯದಿಲ್ಲ: ಒಲೆ ಬೇಡ, ನಾಲ್ಕು ಜನಕ್ಕೆ ಆಗುತ್ತದೆ, ತೊಳೆಯುವುದು, ನೆನೆಸುವುದು, ಬಸಿಯುವುದು, ಅಳೆಯುವುದು, ಬೆರೆಸುವುದು ಎಲ್ಲ ಅದರಲ್ಲೇ ಇದೆ.

ಬೇಕಾದದ್ದು: ಅರ್ಧ ಲೋಟ ಹೆಸರುಬೇಳೆ, ಒಂದು ಮಧ್ಯಮ ಸೌತೆಕಾಯಿ, ಎರಡು ದೊಡ್ಡ ಚಮಚ ತೆಂಗಿನತುರಿ, ಅರ್ಧ ನಿಂಬೆಹಣ್ಣು, ಅರ್ಧ ಟೀ ಚಮಚ ಉಪ್ಪು, ಒಂದು ಹಿಡಿ ಕೊತ್ತಂಬರಿ ಸೊಪ್ಪು.

1. ಬೇಳೆಯನ್ನು ಅಗಲ ಪಾತ್ರೆಗೆ ಹಾಕಿ ಮೂರು ಸಲ ತೊಳೆಯಲಿ. ಮೊದಲ ನೀರು ಕಲಕಿ ಬರುತ್ತದೆ, ಮೂರನೆಯದು ಬಹುಮಟ್ಟಿಗೆ ತಿಳಿಯಾಗಿರುತ್ತದೆ. ಆ ವ್ಯತ್ಯಾಸವನ್ನು ಮಗುವೇ ನೋಡಿ ಹೇಳಲಿ.

2. ಬೇಳೆಯ ಮೇಲೆ ಎರಡು ಬೆರಳಷ್ಟು ನೀರು ನಿಲ್ಲಿಸಿ ಒಂದು ಗಂಟೆ ನೆನೆಸಿ. ಒಂದು ಬೇಳೆ ತೆಗೆದು ಉಗುರಿನಿಂದ ಒತ್ತಿದರೆ ಕಟ್ಟೆಂದು ತುಂಡಾಗಬೇಕು, ಒಳಗೆ ಬಿಳಿ ಚುಕ್ಕಿ ಉಳಿದಿರಬಾರದು. ಉಳಿದಿದ್ದರೆ ಇನ್ನು ಕಾಲು ಗಂಟೆ ಬಿಡಿ. ತೀರಾ ಹೊತ್ತು ಮರೆತುಬಿಟ್ಟರೆ ಬೇಳೆ ಲೋಳೆ ಲೋಳೆಯಾಗಿ ವಾಸನೆ ಬರುತ್ತದೆ.

3. ಜಾಲರಿಗೆ ಸುರಿದು ಹತ್ತು ನಿಮಿಷ ಬಸಿಯಲು ಬಿಡಿ. ಮಕ್ಕಳು ಆತುರಪಡುವುದು ಇಲ್ಲೇ. ನೀರು ಉಳಿದ ಬೇಳೆಗೆ ಉಪ್ಪು, ಹುಳಿ ಹಿಡಿಯುವುದಿಲ್ಲ.

4. ಸೌತೆಕಾಯಿಯ ತುದಿ ಕತ್ತರಿಸಿ ರುಚಿ ನೋಡಿ. ಕಹಿ ಇದ್ದರೆ ಆ ಕಾಯಿ ಬೇಡ. ಹೆಚ್ಚುವ ಕೆಲಸ ಈಗ ನಿಮ್ಮದು. ನಿಂಬೆಹಣ್ಣನ್ನು ಅಂಗೈಯಡಿ ಉರುಳಿಸಿ ಮೆತ್ತಗೆ ಮಾಡುವುದು, ಹಿಂಡುವುದು, ಬೀಜ ಆರಿಸುವುದು ಮಗುವಿನದು.

5. ಉಪ್ಪನ್ನು ಬಿಟ್ಟು ಎಲ್ಲವನ್ನೂ ಬೆರೆಸಿಡಲಿ. ಉಪ್ಪು ಹಾಕುವುದು ಎಲೆಗೆ ಬಡಿಸುವ ಮುಂಚೆ ಮಾತ್ರ.

ಯಾಕೆ ಕೊನೆಗೆ ಎಂದು ಮಗು ಕೇಳೇ ಕೇಳುತ್ತದೆ. ಎರಡು ಬಟ್ಟಲಲ್ಲಿ ನಾಲ್ಕು ನಾಲ್ಕು ಹೋಳು ಸೌತೆಕಾಯಿ ಹಾಕಿ, ಒಂದಕ್ಕೆ ಮಾತ್ರ ಉಪ್ಪು ಉದುರಿಸಿ, ಕಾಲು ಗಂಟೆ ಬಿಟ್ಟು ತೋರಿಸಿ. ಉಪ್ಪಿನ ಬಟ್ಟಲಿನ ತಳದಲ್ಲಿ ನೀರು ನಿಂತಿರುತ್ತದೆ, ಹೋಳು ಬಾಡಿರುತ್ತವೆ. ಹೀಗೆ ಒಮ್ಮೆ ಕಣ್ಣಾರೆ ನೋಡಿದ ಮಗು ಮುಂದೆ ಪಲ್ಯಕ್ಕೂ ಸಲಾಡಿಗೂ ಉಪ್ಪು ಯಾವಾಗ ಹಾಕಬೇಕೆಂದು ತಾನೇ ಯೋಚಿಸುತ್ತದೆ. ಇಂಗು, ಸಾಸಿವೆಯ ಒಗ್ಗರಣೆ ಬೇಕಿದ್ದರೆ ನೀವು ಹಾಕಿ; ಇಲ್ಲದೆಯೂ ಚೆನ್ನಾಗಿರುತ್ತದೆ.

ಎರಡನೆಯ ತಿನಿಸು ಮೊಸರವಲಕ್ಕಿ. ಒಂದು ಲೋಟ ಮಧ್ಯಮ ಅವಲಕ್ಕಿ, ಒಂದು ಲೋಟ ಮೊಸರು, ಕಾಲು ಲೋಟ ಹಾಲು, ಅರ್ಧ ಟೀ ಚಮಚ ಉಪ್ಪು. ಅವಲಕ್ಕಿಯನ್ನು ಜಾಲರಿಯಲ್ಲಿಟ್ಟು ನಲ್ಲಿಯಡಿ ಎರಡು ಸಲ ತೊಳೆದು ಐದು ನಿಮಿಷ ಹಾಗೇ ಬಿಟ್ಟರೆ ಅರಳುತ್ತದೆ. ಕೆಡುವುದು ಅವಲಕ್ಕಿಯ ಜಾತಿ ತಪ್ಪಿದಾಗ: ತೆಳು ಅವಲಕ್ಕಿಯನ್ನು ತೊಳೆದರೆ ಮುದ್ದೆಯಾಗುತ್ತದೆ, ಅದಕ್ಕೆ ನೀರು ಚಿಮುಕಿಸಿದರೆ ಸಾಕು, ಗಟ್ಟಿ ಅವಲಕ್ಕಿಯಾದರೆ ಐದು ನಿಮಿಷ ನೀರಲ್ಲೇ ಮುಳುಗಿರಬೇಕು. ಹಾಲು ಹಾಕುವುದು ಅವಲಕ್ಕಿ ಮೊಸರನ್ನು ಹೀರಿ ಗಟ್ಟಿಯಾಗುತ್ತದೆಂದು. ಐದು ವರ್ಷದೊಳಗಿನ ತಮ್ಮ ತಂಗಿ ತಿನ್ನುವುದಾದರೆ ಇಡೀ ಕಡಲೆಕಾಯಿ ಬೀಜ ಸೇರಿಸಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಚಪಾತಿ ಹಿಟ್ಟು ಕಲಸುವುದನ್ನೂ ಈ ವಯಸ್ಸಿಗೇ ಶುರು ಮಾಡಬಹುದು. ಒಂದು ಲೋಟ ಗೋಧಿಹಿಟ್ಟಿಗೆ ಸುಮಾರು ಅರ್ಧ ಲೋಟ ನೀರು ಹಿಡಿಯುತ್ತದೆ, ಆದರೆ ಒಮ್ಮೆಲೇ ಸುರಿದರೆ ಕೈಗೆಲ್ಲ ಅಂಟಿ ಮಗು ಅಳುವ ಹಾಗಾಗುತ್ತದೆ. ದೊಡ್ಡ ಚಮಚದಲ್ಲಿ ಎಣಿಸಿ ಹಾಕಿಸಿ: ಮೊದಲು ನಾಲ್ಕು, ಕಲಸು, ಮತ್ತೆ ಒಂದು, ಕಲಸು. ಮುದ್ದೆ ಪಾತ್ರೆ ಬಿಟ್ಟು ಬಂದಾಗ ನೀರು ಸಾಕು. ಚಪಾತಿ ದುಂಡಗಾಗದಿದ್ದರೆ ಬಿಡಿ. ದಪ್ಪ ಎಲ್ಲ ಕಡೆ ಒಂದೇ ಇದೆಯೇ ನೋಡಿ. ದಪ್ಪ ಹೆಚ್ಚುಕಡಿಮೆಯಾದರೆ ಒಂದು ಕಡೆ ಸೀಯುತ್ತದೆ, ಇನ್ನೊಂದು ಕಡೆ ಹಸಿ ಉಳಿಯುತ್ತದೆ.

ಚಾಕು

ಈಳಿಗೆಮಣೆ, ತುರಿಮಣೆ ಎರಡೂ ಹನ್ನೆರಡರವರೆಗೆ ಬೇಡ. ಅಲುಗು ಅಲುಗಾಡದೆ ನಿಂತಿರುತ್ತದೆ, ಕೈ ಅದರ ಕಡೆ ಹೋಗುತ್ತದೆ; ಜಾರಿದರೆ ತಡೆಯಲು ದಾರಿಯೇ ಇಲ್ಲ.

ನಾಲ್ಕು ಇಂಚು ಅಲುಗಿನ, ಸಣ್ಣ ಹಲ್ಲುಗಳಿರುವ ಚಾಕು ಕೊಡಿ. ಮೊಂಡು ಚಾಕು ಸುರಕ್ಷಿತ ಎನ್ನುವುದು ತಪ್ಪು ತಿಳಿವಳಿಕೆ. ಹರಿತವಿಲ್ಲದಿದ್ದರೆ ಮಗು ಬಲ ಹಾಕಿ ಒತ್ತುತ್ತದೆ, ಆಗಲೇ ಚಾಕು ಜಾರಿ ಬೆರಳಿಗೆ ಬರುವುದು. ಹೆಚ್ಚುವ ಹಲಗೆಯ ಕೆಳಗೆ ಒದ್ದೆ ಬಟ್ಟೆ ಹಾಸಿ, ಹಲಗೆ ಸರಿಯುವುದಿಲ್ಲ.

ಕಲಿಸಬೇಕಾದ್ದು ಎರಡೇ ಎರಡು. ಒಂದು, ತರಕಾರಿ ಹಿಡಿದ ಕೈಯ ಬೆರಳ ತುದಿಗಳು ಒಳಗೆ ಮಡಚಿರಬೇಕು, ಬೆಕ್ಕು ಉಗುರು ಒಳಗೆಳೆದುಕೊಂಡ ಹಾಗೆ; ಹೆಬ್ಬೆರಳು ಅವುಗಳ ಹಿಂದೆ. ಎರಡು, ಉರುಳುವುದನ್ನು ಉರುಳುವ ಹಾಗೆಯೇ ಹೆಚ್ಚಬಾರದು. ಮೊದಲು ಉದ್ದಕ್ಕೆ ಸೀಳಿ, ಚಪ್ಪಟೆ ಭಾಗ ಹಲಗೆಗೆ ತಾಗುವಂತೆ ಮಗುಚಿ, ಆಮೇಲೆ ಹೋಳು. ಮೊದಲ ಸೀಳು ನೀವೇ ಹಾಕಿಕೊಡಿ.

ಬಾಳೆಹಣ್ಣಿನಿಂದ ಶುರುವಾಗಲಿ. ಆಮೇಲೆ ಬೆಂದ ಆಲೂಗಡ್ಡೆ, ಸೌತೆಕಾಯಿ, ಬೀನ್ಸ್, ಟೊಮೆಟೊ. ಕ್ಯಾರೆಟ್ ಗಟ್ಟಿ, ಈರುಳ್ಳಿಗೆ ಕಣ್ಣುರಿ, ಅವು ಕೊನೆಗೆ. ಹಸಿಮೆಣಸಿನಕಾಯಿ ನಿಮ್ಮ ಪಾಲಿಗಿರಲಿ, ಮಕ್ಕಳು ಕೆಲಸದ ನಡುವೆ ಕಣ್ಣು ಉಜ್ಜಿಕೊಳ್ಳುತ್ತಾರೆ. ಹೇಗೋ ಕೈಗೆ ಖಾರ ತಾಗಿ ಉರಿಯುತ್ತಿದ್ದರೆ ಮೊದಲು ಅಡುಗೆ ಎಣ್ಣೆ ಸವರಿ, ಆಮೇಲೆ ಸೋಪಿನಿಂದ ತೊಳೆಯಿರಿ. ಖಾರದ ಅಂಶ ಎಣ್ಣೆಯಲ್ಲಿ ಕರಗುತ್ತದೆ, ಬರೀ ನೀರಿಗೆ ಹೋಗುವುದಿಲ್ಲ.

ಪಕ್ಕದಲ್ಲಿ ನಿಂತು "ಹುಷಾರು, ಹುಷಾರು" ಎನ್ನುವುದರಿಂದ ಪ್ರಯೋಜನವಿಲ್ಲ. ಮಗು ಗಾಬರಿಯಾಗಿ ನಿಮ್ಮ ಮುಖ ನೋಡುತ್ತದೆ, ಚಾಕು ಮಾತ್ರ ಚಲಿಸುತ್ತಿರುತ್ತದೆ. ಏನು ಮಾಡಬೇಕೋ ಅದನ್ನೇ ಹೇಳಿ: "ಪುಟ್ಟಾ, ಬೆರಳು ಒಳಗೆ." "ಚಾಕು ಕೆಳಗಿಡು, ಆಮೇಲೆ ಮಾತಾಡು." "ಕಣ್ಣು ಹಲಗೆ ಮೇಲೆ." ಚಾಕು ಹಿಡಿದ ಮಗುವನ್ನು ಹಿಂದಿನಿಂದ ಮುಟ್ಟಲೂಬೇಡಿ, ಕರೆಯಲೂಬೇಡಿ.

ಒಲೆಯ ಪಾಠ, ಗ್ಯಾಸ್ ಇಲ್ಲದೆ

ಮೊದಲ ಪಾಠಕ್ಕೆ ರೆಗ್ಯುಲೇಟರ್ ಮುಚ್ಚಿಬಿಡಿ. ಲೈಟರ್ ಅನ್ನು ಬರ್ನರ್ ಹತ್ತಿರ ಹಿಡಿಯುವುದು, ಆಮೇಲೆ ನಾಬ್ ತಿರುಗಿಸುವುದು, ಲೈಟರ್ ಒತ್ತುವುದು, ಕೈ ಹಿಂದಕ್ಕೆ. ಈ ವರಸೆ ಯೋಚಿಸದೆ ಬರುವವರೆಗೂ ಬರೀ ಅಭ್ಯಾಸ. ಮೊದಲು ನಾಬ್ ತಿರುಗಿಸಿ ಆಮೇಲೆ ಲೈಟರ್ ಹುಡುಕುವ ದೊಡ್ಡವರು ಮನೆಮನೆಯಲ್ಲಿದ್ದಾರೆ. ಮಗು ಅದನ್ನೇ ನೋಡಿ ಕಲಿತಿರುತ್ತದೆ, ಆದ್ದರಿಂದ ನಿಮ್ಮ ಅಭ್ಯಾಸವನ್ನೂ ತಿದ್ದಿಕೊಳ್ಳಿ. ಎರಡು ಮೂರು ಸೆಕೆಂಡಲ್ಲಿ ಹತ್ತದಿದ್ದರೆ ನಾಬ್ ಮುಚ್ಚಿ, ಒಂದು ನಿಮಿಷ ಕಾದು ಮತ್ತೆ ಪ್ರಯತ್ನ.

ಗ್ಯಾಸ್ ವಾಸನೆ ಬಂದರೆ ಮಗು ಮಾಡಬೇಕಾದ್ದು ಒಂದೇ: ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು ದೊಡ್ಡವರನ್ನು ಕರೆಯುವುದು. ಲೈಟು ಹಾಕುವುದೂ ಬೇಡ, ಆರಿಸುವುದೂ ಬೇಡ, ಎಕ್ಸಾಸ್ಟ್ ಫ್ಯಾನಂತೂ ಬೇಡವೇ ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಬಾಗಿಲು ಕಿಟಕಿ ತೆರೆದು ರೆಗ್ಯುಲೇಟರ್ ಮುಚ್ಚುವುದು ನಿಮ್ಮ ಕೆಲಸ. ಎಲ್‌ಪಿಜಿ ತುರ್ತು ಸಹಾಯವಾಣಿ 1906. ಮನೆಯ ಹೊರಗೆ ಹೋಗಿ ಕರೆ ಮಾಡಿ. ಇಂಡಕ್ಷನ್ ಒಲೆ ಇರುವ ಮನೆಯಲ್ಲಿ ಬೇರೆ ಪಾಠ: ಬೆಂಕಿ ಕಾಣುವುದಿಲ್ಲ, ಆದರೆ ಪಾತ್ರೆ ಇಳಿಸಿದ ಮೇಲೂ ಗಾಜು ಸುಡುತ್ತಿರುತ್ತದೆ.

ಪಾತ್ರೆಗೆ ಹಿಡಿ ಇರಲೇಬೇಕು. ಇಕ್ಕಳ ಹಿಡಿಯಲು ಬೇಕಾದ ಬಲ ಹತ್ತು ವರ್ಷದ ಮುಂಗೈಗೆ ಇರುವುದಿಲ್ಲ. ಹಿಡಿಯನ್ನು ಗೋಡೆ ಕಡೆಗೆ ತಿರುಗಿಸಿಡಿ, ಹೊರಗೆ ಚಾಚಿದ್ದರೆ ಓಡಾಡುವವರ ಕೈ ತಗುಲುತ್ತದೆ. ಪಾತ್ರೆ ಹಿಡಿಯುವ ಬಟ್ಟೆ ಒಣಗಿರಬೇಕು. ಒದ್ದೆ ಬಟ್ಟೆಯಲ್ಲಿ ಬಿಸಿ ಕ್ಷಣದಲ್ಲಿ ಕೈಗೆ ದಾಟುತ್ತದೆ. ಮುಚ್ಚಳವನ್ನು ನೇರ ಎತ್ತಬಾರದು: ನಮ್ಮ ಕಡೆಯ ಅಂಚು ಪಾತ್ರೆಗೆ ತಾಗಿಯೇ ಇರಲಿ, ಆಚೆ ಕಡೆಯ ಅಂಚು ಮೇಲೇಳಲಿ, ಹಬೆ ಆಚೆಗೆ ಹೋಗುತ್ತದೆ.

ಸುಟ್ಟರೆ ತಕ್ಷಣ ನಲ್ಲಿ ನೀರಿನಡಿ 20 ನಿಮಿಷ. ಐಸ್, ಟೂತ್‌ಪೇಸ್ಟ್, ಅರಿಶಿನ ಯಾವುದೂ ಬೇಡ, ಬೊಬ್ಬೆ ಒಡೆಯಬೇಡಿ. ಮುಖ, ಅಂಗೈ, ಕೀಲುಗಳ ಮೇಲೆ ಸುಟ್ಟಿದ್ದರೆ ಅಥವಾ ಗಾಯ ಮಗುವಿನ ಅಂಗೈಯಷ್ಟು ದೊಡ್ಡದಿದ್ದರೆ ನೀರು ಹಾಕಿದ ನಂತರ ನೇರ ವೈದ್ಯರ ಹತ್ತಿರ.

ಒಲೆಯ ಮೇಲೆ ಮೊದಲನೆಯದು ಅನ್ನ

ಅನ್ನಕ್ಕೆ ಎಣ್ಣೆ ಇಲ್ಲ, ಕೈಯಾಡಿಸುವ ಕೆಲಸ ಇಲ್ಲ, ಹೆಚ್ಚು ಹೊತ್ತು ಕಾಯುವುದೇ. ಅದಕ್ಕೇ ಇದು ಮೊದಲು. ಕುಕ್ಕರ್ ಬೇಡ. ಎರಡು ಲೀಟರ್ ಹಿಡಿಯುವ, ದಪ್ಪ ತಳದ, ಹಿಡಿಯಿರುವ ಪಾತ್ರೆ ತೆಗೆದುಕೊಳ್ಳಿ.

ಒಂದು ಲೋಟ ಸೋನಾ ಮಸೂರಿ ಅಕ್ಕಿಯನ್ನು ಮೂರು ಸಲ ತೊಳೆದು 20 ನಿಮಿಷ ನೆನೆಸಿ ಬಸಿಯಲಿ. ಎರಡೂ ಕಾಲು ಲೋಟ ತಣ್ಣೀರು ಹಾಕಿ, ಪಾತ್ರೆ ಒಲೆಯ ಮೇಲೆ ಇಟ್ಟ ನಂತರವೇ ಬೆಂಕಿ ಹಚ್ಚಲಿ. ಮುಚ್ಚಳ ಓರೆಯಾಗಿರಲಿ, ಇಲ್ಲದಿದ್ದರೆ ನೊರೆ ಉಕ್ಕಿ ಬೆಂಕಿ ಆರಿಹೋಗಿ ಗ್ಯಾಸ್ ಸೋರುತ್ತದೆ. ಚೆನ್ನಾಗಿ ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ, ಪೂರ್ತಿ ಮುಚ್ಚಿ 12 ನಿಮಿಷ. ಒಲೆ ಆರಿಸಿ ಮತ್ತೆ 10 ನಿಮಿಷ ಮುಚ್ಚಳ ತೆಗೆಯಬಾರದು.

ಮಗು ಮಧ್ಯೆ ಮಧ್ಯೆ ಇಣುಕುತ್ತದೆ. ಪ್ರತಿ ಸಲವೂ ಹಬೆ ಹೋಗುತ್ತದೆ, ಮೇಲಿನ ಅಗುಳು ನಡುವೆ ಗಟ್ಟಿ ಉಳಿಯುತ್ತದೆ. ಹಾಗಾದರೆ ಎರಡು ದೊಡ್ಡ ಚಮಚ ಬಿಸಿನೀರು ಚಿಮುಕಿಸಿ ಸಣ್ಣ ಉರಿಯಲ್ಲಿ ಮೂರು ನಿಮಿಷ ಇಡಿ. ತಳ ಹಿಡಿದಿದ್ದರೆ ಉರಿ ಹೆಚ್ಚಾಯಿತೆಂದು ಅರ್ಥ. ಕೆರೆಯದೆ ಮೇಲಿನ ಅನ್ನವನ್ನಷ್ಟೇ ತೆಗೆಯಿರಿ. ಮುದ್ದೆಯಾದರೆ ಅಕ್ಕಿ ಹೊಸದು, ಮುಂದಿನ ಸಲ ನೀರು ಕಾಲು ಲೋಟ ಕಡಿಮೆ. ಕರಾವಳಿಯ ಕುಸುಬಲಕ್ಕಿಗೆ ಈ ಲೆಕ್ಕ ನಡೆಯುವುದಿಲ್ಲ. ಅದು ಬೇಯಲು ಹೆಚ್ಚು ಹೊತ್ತು ಬೇಕು, ಗಂಜಿ ಬಸಿಯುವುದು ಮಕ್ಕಳ ಕೆಲಸವಲ್ಲ.

ಅನ್ನವಾದ ಮೇಲೆ ದೋಸೆ ಬರಲಿ. ಕಾವಲಿಗೆ ನಾಲ್ಕು ಹನಿ ನೀರು ಚಿಮುಕಿಸಿದಾಗ ಚುರ್ ಎಂದು ಆರಿದರೆ ಕಾವು ಸರಿ. ತೀರಾ ಕಾದಿದ್ದರೆ ಹಿಟ್ಟು ಸೌಟಿಗೇ ಎದ್ದು ಬರುತ್ತದೆ. ಉರಿ ಇಳಿಸಿ ಸ್ವಲ್ಪ ಹೊತ್ತು ಬಿಡಿ.

ಉಪ್ಪಿಟ್ಟು ಕಾಣುವಷ್ಟು ಸುಲಭದ್ದಲ್ಲ. ರವೆ ಹುರಿಯುವುದು ಮಗು ಮಾಡಲಿ: ಒಂದು ಲೋಟ ಮಧ್ಯಮ ರವೆ, ಸಣ್ಣ ಉರಿ, ಐದಾರು ನಿಮಿಷ, ಘಮ ಬರುವವರೆಗೆ. ಆದರೆ ಎರಡೂವರೆ ಲೋಟ ಕುದಿನೀರಿಗೆ ರವೆ ಬಿದ್ದಾಗ ದಪ್ಪ ಗುಳ್ಳೆಗಳೆದ್ದು ಸಿಡಿಯುತ್ತವೆ, ಅಂಟಿಕೊಂಡೇ ಸುಡುತ್ತವೆ. ಮೊದಲು ಉರಿ ಸಣ್ಣ ಮಾಡಿ, ಒಬ್ಬರು ಸಣ್ಣ ಧಾರೆಯಲ್ಲಿ ರವೆ ಸುರಿಯುತ್ತಿರಲಿ, ಇನ್ನೊಬ್ಬರು ಉದ್ದ ಹಿಡಿಯ ಸೌಟಲ್ಲಿ ತಿರುವುತ್ತಿರಲಿ. ಇದು ಇಬ್ಬರ ಅಡುಗೆಯಾಗಿಯೇ ಇರಲಿ. ಒಬ್ಬರೇ ಮಾಡಹೋಗಿ ಕೈ ನಿಂತ ಕಡೆ ಗಂಟು ಕಟ್ಟುತ್ತದೆ.

ಒಗ್ಗರಣೆ, ಚಿತ್ರಾನ್ನ

ಒಗ್ಗರಣೆ ಸಿಡಿಯುವುದು ನೀರಿನಿಂದ. ಬಾಣಲೆಯಲ್ಲಿ, ಚಮಚದಲ್ಲಿ, ಕರಿಬೇವಿನಲ್ಲಿ ಒಂದು ಹನಿ ನೀರಿದ್ದರೂ ಎಣ್ಣೆಯಲ್ಲಿ ಅದು ಒಮ್ಮೆಲೇ ಹಬೆಯಾಗಿ ಎಣ್ಣೆಯನ್ನು ಹಾರಿಸುತ್ತದೆ. ಕರಿಬೇವನ್ನು ಮೊದಲೇ ತೊಳೆದು ಬಟ್ಟೆಯಲ್ಲಿ ಒರೆಸಿ ಒಣಗಿಸಿಡಿ. ಎಲ್ಲ ಸಾಮಾನೂ ಸಣ್ಣ ಬಟ್ಟಲುಗಳಲ್ಲಿ ಹಾಕುವ ಕ್ರಮದಲ್ಲೇ ಸಾಲಾಗಿರಲಿ. ಎಣ್ಣೆ ಕಾದ ಮೇಲೆ ಡಬ್ಬ ಹುಡುಕುವ ಹಾಗಿರಬಾರದು.

ಎರಡು ಲೋಟ ತಣ್ಣಗಾದ ಉದುರು ಅನ್ನಕ್ಕೆ: ಒಂದೂವರೆ ದೊಡ್ಡ ಚಮಚ ಎಣ್ಣೆ, ಎರಡು ದೊಡ್ಡ ಚಮಚ ಕಡಲೆಕಾಯಿ ಬೀಜ, ಅರ್ಧ ಟೀ ಚಮಚ ಸಾಸಿವೆ, ಒಂದು ಟೀ ಚಮಚ ಕಡಲೆಬೇಳೆ, ನೀವು ಸೀಳಿಕೊಟ್ಟ ಎರಡು ಹಸಿಮೆಣಸಿನಕಾಯಿ, ಒಂದು ಎಸಳು ಕರಿಬೇವು, ಕಾಲು ಟೀ ಚಮಚ ಅರಿಶಿನ, ಮುಕ್ಕಾಲು ಟೀ ಚಮಚ ಉಪ್ಪು, ಒಂದು ನಿಂಬೆಹಣ್ಣು.

1. ಎಣ್ಣೆಗೆ ಕಡಲೆಕಾಯಿ ಬೀಜ ಹಾಕಿ ಸಣ್ಣ ಉರಿಯಲ್ಲಿ ಕೆಂಪಗಾಗುವವರೆಗೆ ಹುರಿದು ತೆಗೆದಿಡಿ. ಬೀಜಕ್ಕೆ ಹೊತ್ತು ಬೇಕು, ಸಾಸಿವೆಗೆ ಬೇಡ; ಒಟ್ಟಿಗೆ ಹಾಕಿದರೆ ಒಂದು ಕರಕಲಾಗಿ ಇನ್ನೊಂದು ಹಸಿ ಉಳಿಯುತ್ತದೆ.

2. ಸಾಸಿವೆ ಹಾಕಿ ಮುಚ್ಚಳವನ್ನು ಓರೆಯಾಗಿ ಅಡ್ಡ ಹಿಡಿಯಲಿ. ಚಟಪಟ ಕಡಿಮೆಯಾದಾಗ ಕಡಲೆಬೇಳೆ, ಅದು ಹೊಂಬಣ್ಣಕ್ಕೆ ಬಂದಾಗ ಒಲೆ ಆರಿಸಿಬಿಡಲಿ.

3. ಆರಿಸಿದ ಮೇಲೆ ಮೆಣಸಿನಕಾಯಿ, ಕರಿಬೇವು, ಆಮೇಲೆ ಅರಿಶಿನ. ಎಣ್ಣೆಯಲ್ಲಿ ಉಳಿದ ಕಾವು ಇವಕ್ಕೆ ಸಾಕು. ಸಿಡಿತ ಅರ್ಧಕ್ಕರ್ಧ ಕಡಿಮೆ, ಅರಿಶಿನ ಸೀಯುವುದೂ ಇಲ್ಲ.

4. ಅನ್ನ, ಉಪ್ಪು, ಬೀಜ ಸೇರಿಸಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಬಿಸಿ ಮಾಡಿ ಇಳಿಸಿದ ಮೇಲೆ ನಿಂಬೆರಸ. ಒಲೆಯ ಮೇಲಿದ್ದಾಗಲೇ ಹಿಂಡಿದರೆ ಕಹಿ ಬರುತ್ತದೆ.

ಹಿಂದಿನ ರಾತ್ರಿಯ ಅನ್ನವಾದರೆ ಫ್ರಿಜ್‌ನಲ್ಲಿಟ್ಟದ್ದೇ ಆಗಿರಬೇಕು. ರಾತ್ರಿಯಿಡೀ ಕಟ್ಟೆಯ ಮೇಲೆ ಉಳಿದ ಅನ್ನದಲ್ಲಿ ಬ್ಯಾಕ್ಟೀರಿಯಾ ಬೆಳೆದು ವಿಷ ಕೂಡಿರಬಹುದು, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಉಪ್ಪು ಹೆಚ್ಚಾದರೆ ಸಕ್ಕರೆ ಹಾಕಿ ಮುಚ್ಚುವ ಬದಲು ಇನ್ನೊಂದು ಲೋಟ ಅನ್ನ, ಸ್ವಲ್ಪ ತೆಂಗಿನತುರಿ ಬೆರೆಸಿ. ಇದನ್ನು ಮಗುವೇ ಮಾಡಲಿ. ಕೆಟ್ಟದ್ದನ್ನು ಸರಿಮಾಡುವುದೂ ಅಡುಗೆಯೇ.

ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಬಾಣಲೆ ಎತ್ತಿಕೊಂಡು ಓಡಬಾರದು. ಮಗು ಹಿಂದೆ ಸರಿದು ನಿಮ್ಮನ್ನು ಕೂಗಲಿ. ನೀವು ನಾಬ್ ಆರಿಸಿ ಮುಚ್ಚಳ ಮುಚ್ಚಿ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ತಣ್ಣಗಿನ ಬಾಣಲೆ ಇಟ್ಟುಕೊಂಡು ಇಬ್ಬರೂ ಮಾಡಿ ನೋಡಿ.

ಅಡುಗೆ ಮುಗಿದಿದೆ ಎನ್ನುವುದು ಕಟ್ಟೆ ಒರೆಸಿ, ಪಾತ್ರೆ ತೊಳೆದು, ನಾಬ್ ಆರಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿದ ಮೇಲೆ. ಮೊದಲ ಕೋಸಂಬರಿಯಿಂದಲೇ ಈ ಪದ್ಧತಿ ಇದ್ದರೆ ಆಮೇಲೆ ಗದರುವ ಪ್ರಮೇಯ ಬರುವುದಿಲ್ಲ.

ಮನೆಯಲ್ಲಿ ದೊಡ್ಡವರಿಲ್ಲದಾಗ ಹನ್ನೆರಡು ತುಂಬುವವರೆಗೆ ಒಲೆ ಹಚ್ಚುವುದು ಬೇಡ. ಹಸಿವಾದರೆ ಮೊಸರವಲಕ್ಕಿ ಬರುತ್ತದಲ್ಲ. ಕುಕ್ಕರ್ ಮುಟ್ಟುವುದು, ಎಣ್ಣೆಯಲ್ಲಿ ಕರಿಯುವುದು, ಬಿಸಿ ಪದಾರ್ಥವನ್ನು ಮಿಕ್ಸಿಗೆ ಹಾಕುವುದು ಹನ್ನೆರಡರ ನಂತರವೂ ನೀವು ಪಕ್ಕದಲ್ಲಿದ್ದಾಗ ಮಾತ್ರ. ತಣ್ಣನೆಯ ಚಟ್ನಿ ರುಬ್ಬಲು ಬಿಡಬಹುದು: ಮುಚ್ಚಳ ತೆಗೆಯುವ ಮೊದಲು ಸ್ವಿಚ್ ಆರಿಸಿ, ಜಾರಿನೊಳಗೆ ಚಮಚ ಹಾಕುವ ಮೊದಲು ಪ್ಲಗ್ಗನ್ನೇ ಕಿತ್ತುಬಿಡಲಿ.